ಅಂವ ಬರ್ತಾನ

ಗಲ್ಲದ ಮೇಲಿನ ಸಾಬೂನಿನ ನೊರೆ ಅರ್ಧ ಹೋಗಿತ್ತು, ಅರ್ಧ ಉಳಿದಿತ್ತು. ಅಷ್ಟರಲ್ಲಿ ಕನ್ನಡಿಯೊಳಗೆ, ತನ್ನ ಕಿವಿಯ ಪಕ್ಕದಲ್ಲಿ, ಹೊಸ್ತಿಲ ಆಚೆ ನಿಂತ ಹೆಂಗಸೊಬ್ಬಳು ಕಾಡಸಿದ್ದನಿಗೆ ಕಂಡಳು. ತಲೆಯ ಮೇಲೆ ಸೆರಗು, ಕಂಕುಳಲ್ಲಿ ಗಂಟು, ಪಾದದ ತುಂಬ ಧೂಳು. ತಾರವ್ವ. ಒಡಹುಟ್ಟಿದ ತಂಗಿ. ಎಂದಾದರೊಂದು ದಿನ ಅವಳು ಹೀಗೆ ಬಂದು ನಿಲ್ಲುತ್ತಾಳೆಂದು ಅವನು ಎಷ್ಟೋ ಸಲ ಅಂದುಕೊಂಡಿದ್ದ. ಅಂದುಕೊಂಡಾಗಲೆಲ್ಲ ಅವನ ಮೈಮೇಲೆ ಇಸ್ತ್ರಿ ಮಾಡಿದ ಅಂಗಿ ಇರುತ್ತಿತ್ತು, ನಾಲಿಗೆಯ ಮೇಲೆ ಮಾತು ಇರುತ್ತಿತ್ತು. ಈಗ ನೋಡಿದರೆ ಹರಿದ ಬನಿಯನ್, ಅರ್ಧ ಬೆಳ್ಳಗಾದ ಮುಖ. ಏಳೆಂಟು ವರ್ಷದ ಮೇಲೆ ಮನೆಯವರ ಕಣ್ಣಿಗೆ ಬೀಳುವುದು ಈ ಅವತಾರದಲ್ಲೇ ಏನು! ಅಳು ಬರಬೇಕಿತ್ತು ಅವನಿಗೆ, ಬಂದದ್ದು ಸಿಟ್ಟು. ಅವನು ತಿರುಗಲಿಲ್ಲ, ಕನ್ನಡಿಯೊಳಗಿನ ತಂಗಿಯನ್ನೇ ನೋಡುತ್ತ ನಿಂತ.

"ಅಣ್ಣಾ, ಅಪ್ಪಗ ಭಾಳ ಆಗೇತಿ" ಅಂದಳು ತಾರವ್ವ. "ಗಂಜೀನೂ ಇಳೀವಲ್ದು. ನಿನ್ನೆ ಸಂಜೀಕ ಬಿಟ್ಟೇನಿ, ರಾತ್ರಿ ಚಿಕ್ಕೋಡಿ ಸ್ಟ್ಯಾಂಡಿನ್ಯಾಗ ಕುಂತು ಮುಂಜಾನೆ ಮೊದಲನೇ ಗಾಡೀಗೆ ಬಂದೆ. ಹೊಂಡು."

"ಎಲ್ಲಿ ಅದಾನ?"

"ನಮ್ಮ ಸತ್ತಿ ಊರ ಹೊಳಿದಂಡ್ಯಾಗ. ಕುರಿ ಹಟ್ಟ್ಯಾಗ."

"ಅಪ್ಪ ಕರದಾನನು?"

ತಾರವ್ವ ಗಂಟನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಿಸಿದಳು. "ನಾ ಕರ್ಯಾಕ ಬಂದೇನಲ್ಲ" ಅಂದಳು.

ಕಾಡಸಿದ್ದನಿಗೆ ಬೇಕಾಗಿದ್ದದ್ದು ಅದಲ್ಲ. ಅಪ್ಪ ಕರೆದಿದ್ದಾನೆ, ಅಷ್ಟೇ ಒಂದು ಮಾತು. ಸುಳ್ಳಾದರೂ ಹೇಳಿದ್ದರೆ ನೊರೆ ಒರೆಸಿಕೊಳ್ಳದೆ ಓಡುತ್ತಿದ್ದ. ಈ ಹುಡುಗಿಗೆ ಸುಳ್ಳು ಹೇಳಲಿಕ್ಕೆ ಮೊದಲಿನಿಂದಲೂ ಬರುವುದಿಲ್ಲ. ಹಾಗಾದರೆ ಅಪ್ಪ ಕರೆದಿಲ್ಲ. ಯಾಕೆ ಕರೆದಾನು? ತನ್ನ ಪಾಲಿಗೆ ಸತ್ತವನನ್ನು ಯಾರಾದರೂ ಕರೆಯುತ್ತಾರೇನು? ಆ ರಾಯಬಾಗದ ಬಸ್ ಸ್ಟ್ಯಾಂಡಿನ ಮಧ್ಯಾಹ್ನ ಮತ್ತೆ ಕಣ್ಣ ಮುಂದೆ ಬಂತು. ಬರದ ದಿನವಾದರೂ ಯಾವುದಿತ್ತು. ತಾನು ಕ್ರಿಸ್ತನ ಹೆಸರಿನಲ್ಲಿ ಸ್ನಾನದೀಕ್ಷೆ ತೆಗೆದುಕೊಂಡು ಒಂದು ಮಳೆಗಾಲ ಕಳೆದಿತ್ತು ಆಗ. ಕಂಬದ ಬುಡದಲ್ಲಿ ಉಣ್ಣೆಯ ಚೀಲಕ್ಕೆ ಒರಗಿ ಒಬ್ಬ ಮುದುಕ ಕೂತಿದ್ದ, ತಲೆ ಬೋಳು. ನುಣ್ಣಗೆ ಬೋಳಿಸಿದ ತಲೆಯಲ್ಲ, ಅಲ್ಲಲ್ಲಿ ಕೂದಲು ಉಳಿದು, ಅಲ್ಲಲ್ಲಿ ಗಾಯ ಒಣಗಿ ಕಪ್ಪಾದ ತಲೆ. ಅದು ತನ್ನ ಅಪ್ಪ ಮಾಯಪ್ಪ ಎಂದು ತಿಳಿಯಲಿಕ್ಕೇ ಹೊತ್ತು ಹಿಡಿಯಿತು. ಯಾಕೆಂದರೆ ಅಪ್ಪನ ತಲೆಗೆ ಹುಟ್ಟಿದಾಗಿನಿಂದ ಕಬ್ಬಿಣ ತಾಕಿರಲಿಲ್ಲ. ಚಿಂಚಲಿ ಆಚೆಯ ಮಾಳದಲ್ಲಿ ಕುಲದೇವರು ಸಿದ್ದನ ಗುಡಿಯ ಮುಂದೆ ವರ್ಷಕ್ಕೊಮ್ಮೆ ನಿಂತು ಮಳೆ, ಬೆಳೆ, ರೋಗ, ರುಜಿನ ಎಲ್ಲ ಮುಂಚಿತವಾಗಿ ಹೇಳುವವನು ಅವನು. ಹೇಳಿಕೆ ಹೇಳುವವನ ಜಡೆ ಸಿದ್ದನದು, ಅದನ್ನು ಮುಟ್ಟುವ ಹಾಗಿಲ್ಲ. ಆ ಜಡೆಯೇ ಇಲ್ಲ! ಜಾತಿ ಬಿಟ್ಟು ಹೋದವನ ಹೆಸರಿನಲ್ಲಿ ಗಡಿಗೆ ಒಡೆದು, ತಲೆ ಬೋಳಿಸಿಕೊಂಡು, ಅವನು ಸತ್ತ ಎಂದು ಕೈ ತೊಳೆದುಕೊಳ್ಳುತ್ತಾರೆ ಅಂತ ಚಿಕ್ಕಂದಿನಲ್ಲಿ ಅವನು ಕೇಳಿದ್ದ. ತನ್ನ ಹೆಸರಿನಲ್ಲಿಯೂ ಅದಾಯಿತು, ಅದೂ ಸಿದ್ದನ ಜಡೆಯನ್ನೇ ಕೊಟ್ಟು ಮಾಡಿಸಿದ ಅಂದಮೇಲೆ ಅಪ್ಪನ ಸಿಟ್ಟು ಎಂಥದ್ದಿರಬೇಕು! ಕಾಡಸಿದ್ದ ಕೈಯಲ್ಲಿದ್ದ ಪೇಪರನ್ನು ಬಿಡಿಸಿ ಮುಖಕ್ಕೆ ಅಡ್ಡ ಹಿಡಿದ. ಹಿಡಿಯುವ ಮುಂಚೆ ಒಂದನ್ನು ನೋಡಿದ್ದ. ಮುದುಕ ಎದ್ದು ನಿಂತಿದ್ದ. ಇವನ ಕಡೆಗೇ ಬರುತ್ತಿದ್ದನೋ, ಬಸ್ಸು ಬಂತೆಂದು ಎದ್ದನೋ, ಗೊತ್ತಿಲ್ಲ. ಪೇಪರ್ ಇಳಿಸಿದಾಗ ಕಂಬದ ಬುಡ ಖಾಲಿ ಇತ್ತು.

"ಪ್ರಾರ್ಥನಿ ಮುಗಸ್ಕೊಂಡು ಹೋಗೂಣು" ಅಂದ, ಮತ್ತೆ ಬ್ಲೇಡು ಎತ್ತಿಕೊಂಡು. "ಇವತ್ತ ಬೆಳಗಾವಿಯಿಂದ ಹಿರೇ ಪಾಲಕರು ಬರ್ತಾರ. ನಂದ ಪ್ರಸಂಗ ಐತಿ."

ಹೆಂಡತಿ ಸುಂದರಾ ಅಷ್ಟರಲ್ಲಿ ತಂಬಿಗೆಯಲ್ಲಿ ನೀರು ತಂದು ತಾರವ್ವನ ಕಾಲ ಹತ್ತಿರ ಇಟ್ಟಿದ್ದಳು. ನಾದಿನಿಯನ್ನು ಅವಳು ನೋಡುತ್ತಿದ್ದದ್ದು ಇದೇ ಮೊದಲು. ಆದರೂ ಯಾರೆಂದು ಕೇಳಲಿಲ್ಲ, ಮೂಗು ನೋಡಿದರೇ ತಿಳಿಯುತ್ತಿತ್ತು. "ಪ್ರಸಂಗ ಹೋಗ್ಲಿ ಬಿಡ್ರಿ, ಬರೂ ವಾರ ಮಾಡೀರಂತ" ಅಂದಳು. "ಅಕಿ ರಾತ್ರಿಯೆಲ್ಲಾ ಸ್ಟ್ಯಾಂಡಿನ್ಯಾಗ ಕುಂತು ಬಂದಾಳ. ಈಗ ಹೋಗ್ರಿ. ದೇವರು ಏನ ಎದ್ದು ಹೋಗ್ತಾನನು?"

"ನಿನಗ ತಿಳಿಯಂಗಿಲ್ಲ, ಸುಮ್ನಿರು."

ಅವಳಿಗೆ ತಿಳಿಯದ್ದೇನೂ ಇರಲಿಲ್ಲ. ನಿಪ್ಪಾಣಿಯ ಈ ಪತ್ರಾಸ್ ತಗಡಿನ ಮಾಡಿನ ಪ್ರಾರ್ಥನಾಲಯದಲ್ಲಿ ಅವನು ಇಷ್ಟು ವರ್ಷದಿಂದ ಬೋಧಕನಾಗಿಯೇ ಉಳಿದಿದ್ದ. ಗುಡಿಸುವುದು, ಬೆಂಚು ಹಾಕುವುದು, ಗಂಟೆ ಹೊಡೆಯುವುದು, ಪಾಲಕರು ಬರದ ವಾರ ನಾಲ್ಕು ಮಾತು ಆಡುವುದು. ಹಿಂದೆ ಬಂದವರೆಲ್ಲ ಮುಂದೆ ಹೋದರು. ಇವನಿಗೆ ಸಮುವೇಲ ಅಂತ ಹೆಸರು ಕೊಟ್ಟ ಮಂದಿಯೇ ಬೆನ್ನ ಹಿಂದೆ ಕುರುಬರ ಬೋಧಕ ಅನ್ನುತ್ತಿದ್ದರು. ಒಮ್ಮೆ ಸುಗ್ಗಿಯ ಹಬ್ಬದ ಊಟದಲ್ಲಿ, ಪಂಕ್ತಿಯಲ್ಲಿ ಇವನ ಪಕ್ಕ ಕೂರಬೇಕಾಗಿ ಬಂದ ಹೆಂಗಸು ಮರಾಠಿಯಲ್ಲಿ, ಕಂಬಳಿಯ ವಾಸನೆ ಇನ್ನೂ ಹೋಗಿಲ್ಲ ನೋಡು, ಅಂದು ನಕ್ಕಿದ್ದಳು. ಇವನಿಗೆ ಮರಾಠಿ ಬರುವುದಿಲ್ಲ ಅಂದುಕೊಂಡಿದ್ದಳೋ ಏನೋ. ಈ ಗಡಿಯ ಕುರುಬನಿಗೆ ಮರಾಠಿ ಬರುವುದಿಲ್ಲವೆ! ಅವನೂ ಅವಳ ಜೊತೆ ನಕ್ಕಿದ್ದ. ಆ ನಗು ನೆನಪಾದರೆ ಈಗಲೂ ಅವನಿಗೆ ಬಾಯಿ ಕಹಿಯಾಗುತ್ತದೆ. ಇವತ್ತು ಬೆಳಗಾವಿಯವರು ಕೇಳಿ ತಲೆದೂಗಿದರೆ ಸಭೆಯ ಪಾಲಕನಾಗುವ ದಾರಿ ತೆರೆಯುತ್ತದೆ. ಅದಕ್ಕೇ ಎರಡು ತಿಂಗಳಿನಿಂದ ಕ್ರಿಸ್ಮಸ್ಸಿಗೆ ಮುಂಚಿನ ಈ ಆಗಮನದ ರವಿವಾರಕ್ಕೆ ಕಾದಿದ್ದ. ಮತ್ತೆ, ಅಪ್ಪ ಕರೆದೂ ಇಲ್ಲ. ಕರೆಯದವನ ಹತ್ತಿರ ಓಡಿ ಹೋಗಿ ಅವನು ಮುಖ ತಿರುವಿದರೆ ಆ ನೋವನ್ನು ಯಾರು ಉಣ್ಣಬೇಕು?

ತಾರವ್ವ ಕಾಲು ತೊಳೆದುಕೊಂಡು ಅವನ ಹಿಂದೆ ಪ್ರಾರ್ಥನಾಲಯಕ್ಕೆ ನಡೆದು ಬಂದಳು. ಡಿಸೆಂಬರಿನ ಬಿಸಿಲು, ಬೀದಿಯ ತುಂಬ ತಂಬಾಕಿನ ಘಾಟು. ಅಭ್ಯಾಸವಿಲ್ಲದ ಅವಳು ದಾರಿಯುದ್ದಕ್ಕೂ ಸೀನುತ್ತಿದ್ದಳು. ಪ್ರತಿ ಸಲ ಸೀನಿದಾಗಲೂ ಸಿದ್ದಾ, ಸಿದ್ದಾ ಅನ್ನುತ್ತಿದ್ದಳು. ಎದುರಿಗೆ ಬಂದ ಸಭೆಯವರು ಅದನ್ನು ಕೇಳಿ ಇವನ ಮುಖ ನೋಡಿದರು. ಕಾಡಸಿದ್ದ ನಾಲ್ಕು ಹೆಜ್ಜೆ ಮುಂದಾಗಿ ನಡೆದ. ಹಾಗೆ ನಡೆದದ್ದು ಅವನಿಗೇ ಗೊತ್ತಾಯಿತು, ಗೊತ್ತಾದರೂ ನಿಧಾನ ಮಾಡಲಿಲ್ಲ. ಅವಳು ಚಪ್ಪಲಿ ಬಿಟ್ಟು, ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಒಳಗೆ ಬಂದು, ಬೆಂಚು ಖಾಲಿ ಇದ್ದರೂ ಹಿಂದಿನ ಗೋಡೆಗೆ ಒರಗಿ ನೆಲದ ಮೇಲೆ ಕೂತಳು.

ಬೆಳಗಾವಿಯ ಹಿರಿಯ ಪಾಲಕರು ಮುಂದಿನ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಕಾಡಸಿದ್ದ ಎದ್ದು ನಿಂತ. ಮೊದಲು ತಡವರಿಸಿದ, ಆಮೇಲೆ ಮಾತು ಹತ್ತಿತು. ಮಾತು ಹತ್ತಿದರೆ ಅವನಿಗೆ ಯಾವಾಗಲೂ ಹೀಗೇ, ಎದೆಯೊಳಗೆ ಡೊಳ್ಳಿನ ಬಡಿತ ಸುರುವಾಗುತ್ತದೆ. ಇದು ಅಪ್ಪನದು ಎಂದು ಅವನಿಗೆ ಗೊತ್ತು, ಯಾರಿಗೂ ಹೇಳಿಲ್ಲ. ಎದೆರೋಗ ಬಂದು ಮಿಶನ್ ದವಾಖಾನೆಯಲ್ಲಿ ಮಲಗಿದ್ದಾಗ ಪಕ್ಕದ ಮಂಚದ ಮುದುಕ ಬೈಬಲ್ಲಿನ ಪ್ರವಾದಿ ಯೆಶಾಯನ ಮಾತುಗಳನ್ನು ದಿನಾ ದೊಡ್ಡದಾಗಿ ಓದುತ್ತಿದ್ದ. ಇವನನ್ನು ಹಿಡಿದದ್ದು ಅದೇ. ಸತ್ತವರು ಎದ್ದದ್ದು, ನೀರಿನ ಮೇಲೆ ನಡೆದದ್ದು ಇವನಿಗೆ ದೊಡ್ಡದೆನಿಸಲಿಲ್ಲ, ಅಂಥವನ್ನು ಸಿದ್ದರ ಕಥೆಯಲ್ಲೂ ಕೇಳಿದ್ದ. ಆದರೆ ಆ ದೂರದ ಯೆಹೂದಿ ಮಂದಿಯಲ್ಲೂ ಹೇಳಿಕೆ ಹೇಳುವವರಿದ್ದರಂತೆ! ಕುರಿ ಮೇಯಿಸಿಕೊಂಡಿದ್ದ ಮಂದಿಯಂತೆ! ಅಪ್ಪನ ಹೇಳಿಕೆಯ ಆಯುಷ್ಯ ಒಂದು ವರ್ಷ. ಮುಂದಿನ ವರ್ಷ ಹೊಸ ಮಳೆ, ಹೊಸ ಹೇಳಿಕೆ, ಹಳೆಯದನ್ನು ಯಾರೂ ನೆನೆಸುವುದಿಲ್ಲ. ಆ ಪ್ರವಾದಿಗಳದು ಹಾಗಲ್ಲ, ಹೇಳಿದವನು ಸತ್ತು, ಅವನ ಮಕ್ಕಳು ಸತ್ತು, ರಾಜರು ಬದಲಾಗಿ, ಊರು ಸುಟ್ಟು, ನೂರಾರು ವರ್ಷ ಹೋದರೂ ಅದು ಬಾಯಿ ತೆರೆದುಕೊಂಡು ಕಾದಿತ್ತು. ಒಬ್ಬ ಬರುತ್ತಾನೆ. ಬರುವವನನ್ನು ನೋಡದೆಯೇ ಎಷ್ಟು ಜನ ಕಣ್ಣು ಮುಚ್ಚಿದರೋ. ಇದನ್ನು ನೆನೆಸಿಕೊಂಡು ಆ ಮಂಚದ ಮೇಲೆ ಅವನು ಅತ್ತಿದ್ದ.

"ಎಂಥಾ ರಾಜ ಬರ್ತಾನ ಅಂತ ಕಾದಿದ್ರು ಆ ಮಂದಿ?" ಅಂದ ಕಾಡಸಿದ್ದ, ಸಭೆಯನ್ನು ನೋಡುತ್ತ. "ಕುದರಿ ಮ್ಯಾಲ, ಕತ್ತಿ ಹಿಡಕೊಂಡು. ಬೆತ್ಲೆಹೇಮ ಅನ್ನೂದು ಸಣ್ಣ ಹಳ್ಳಿ, ಅಲ್ಲಿಂದ ಬರ್ತಾನ ಅಂತ ಒಬ್ಬ ಪ್ರವಾದಿ ಹೇಳಿದ್ದ. ಅಲ್ಲಿಂದನ ಬಂದ. ಬಂದದ್ದು ಎಲ್ಲಿಗೆ? ದನದ ಗ್ವಾದ್ಲಿಗೆ. ಯೆಶಾಯ ಎಲ್ಲಾ ಹೇಳಿಟ್ಟಿದ್ದ. ಅಂವ ನೋಡಾಕ ಛಂದ ಇರಂಗಿಲ್ಲ, ಒಣಾ ನೆಲದಾಗಿನ ಕುಡಿ ಇದ್ದಂಗ ಇರ್ತಾನ. ಅಂವನ್ನ ಕಂಡ ಮಂದಿ ಮಾರಿ ಮುಚ್ಚಿಕೊಳ್ತಾರ. ಅಂವ ಹೊತ್ತದ್ದು ನಮ್ಮ ಬ್ಯಾನಿ. ನಾವೇನು ತಿಳಕೊಂಡ್ವಿ? ದೇವರ ಅಂವಗ ಹೊಡದಾನ ಅಂತ ತಿಳಕೊಂಡ್ವಿ."

ಇಲ್ಲಿಗೆ ಬಂದಾಗ ಅವನು ಯಾವಾಗಲೂ ಒಂದು ಕ್ಷಣ ನಿಲ್ಲುತ್ತಿದ್ದ. ಮುಂದಿನದು ಅವನ ಸ್ವಂತದ್ದು, ಚಿಕ್ಕೋಡಿ, ಕಾಗವಾಡ, ಎಲ್ಲಿ ಹೋದರೂ ಮಂದಿ ಇದನ್ನು ಕೇಳಲೆಂದೇ ಕಾಯುತ್ತಿದ್ದರು. "ಆಡು ಹಿಡದ್ರ ಊರಿಗೆಲ್ಲಾ ಕೇಳೂ ಹಂಗ ಒದರತೈತಿ. ಕುರಿ ಹಂಗಲ್ಲ. ನಾ ಕುರಿಗಾರನ ಮಗ, ಸಣ್ಣಾಂವಿದ್ದಾಗ ಉಣ್ಣಿ ಕತ್ತರಿಸೂ ಮುಂದ ಕುರಿ ಕಾಲು ಹಿಡೀತಿದ್ದೆ. ಕೆಡವೂತನಕಾ ಒದ್ದಾಡತೈತಿ. ಕೆಡವಿ ಕತ್ತರಿ ಹಚ್ಚಿದ್ವಿ ಅಂದ್ರ ಮುಗೀತು, ಸುಮ್ನ ಆಗತೈತಿ. ಕತ್ತರಿ ತೊಗಲಿಗೆ ತಾಕಿ ರಗತಾ ಬಂದ್ರೂ ಬ್ಯಾ ಅನ್ನಂಗಿಲ್ಲ. ಕಣ್ಣ ಮಾತ್ರ ತೆರದಿರತೈತಿ. ಬರಾಂವ ಹಂಗಿರ್ತಾನ ಅಂದಾನ ಪ್ರವಾದಿ. ಉಣ್ಣಿ ಕತ್ತರಸಾವ್ರ ಮುಂದ ಕುರಿ ಇದ್ದಂಗ, ಬಾಯಿ ತೆರಿಯಂಗಿಲ್ಲ ಅಂವ. ಒಂದ ಮಾತು ಆಡಿದ್ರ ಉಳಕೋತಿದ್ದ. ಆಡಲಿಲ್ಲ."

ಆಗ ಹಿಂದಿನ ಗೋಡೆಯ ಬುಡದಿಂದ ಬಿಕ್ಕಿದ್ದು ಕೇಳಿತು. ತಾರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ತಡೆಯಲು ನೋಡುತ್ತಿದ್ದಳು, ಆಗುತ್ತಿರಲಿಲ್ಲ, ಭುಜ ಕುಣಿಯುತ್ತಿದ್ದವು. ಸಭೆ ತಿರುಗಿ ನೋಡಿತು. ಹಿರಿಯ ಪಾಲಕರು ಕಣ್ಣು ತೆರೆದು ತಿರುಗಿ ನೋಡಿದರು. ಕಾಡಸಿದ್ದನ ಎದೆ ಉಬ್ಬಿತು. ಹೌದು, ಉಬ್ಬಿತು. ಓದು ಬಾರದವಳು, ಹೊಸ್ತಿಲಿಗೆ ಕೈಮುಗಿದು ಬಂದವಳು, ಅವಳ ಎದೆಗೂ ನಾಟಿತಲ್ಲ ತನ್ನ ಮಾತು! ಸಂತೋಷಕ್ಕೆ ಅವನ ದನಿ ಇನ್ನಷ್ಟು ಏರಿತು. ಮುಗಿಸಬೇಕಾದ ಪ್ರಸಂಗವನ್ನು ಅವನು ಮತ್ತಷ್ಟು ಬೆಳೆಸಿದ, ಕಾದವರ ಬಗ್ಗೆ ಹೇಳಿದ, ಕಾಯುವುದೇ ಭಕ್ತಿ ಅಂದ, ಬರುವವನಿಗಾಗಿ ದಾರಿ ನೋಡುತ್ತ ಸತ್ತವರು ಪುಣ್ಯವಂತರು ಅಂದ. ತಾರವ್ವ ಎದ್ದು ಹೊರಗೆ ಹೋದಳು.

ಆಮೇಲೆ ಊಟ. ಸಭೆಯವರು ಕೋಳಿ ಕೊಯ್ದಿದ್ದರು. ಹೊರಗೆ ಬೇವಿನ ಕಟ್ಟೆಯ ಮೇಲೆ ತಾರವ್ವ ಕೂತಿದ್ದಳು, ಸುಂದರಾ ಎಲೆಯಲ್ಲಿ ಅನ್ನ ಕೊಟ್ಟರೆ ಮುಟ್ಟಲಿಲ್ಲ. ಸುಂದರಾ ಬಂದು ಅವನ ಕಿವಿಯಲ್ಲಿ, "ಆತಲ್ಲ, ಇನ್ನರೆ ಏಳ್ರಿ" ಅಂದಳು. ಅವನೂ ಏಳಬೇಕೆಂದೇ ಇದ್ದ. ಆದರೆ ಹಿರಿಯ ಪಾಲಕರು ತಮ್ಮ ಪಕ್ಕದ ಕುರ್ಚಿ ತೋರಿಸಿ, "ಬರ್ರಿ ಸಮುವೇಲರ, ಇಲ್ಲೆ ಕೂಡ್ರಿ. ಕುರಿದು ಹೇಳಿದ್ರಲ್ಲ, ಅದು ಭಾಳ ಮನಸಿಗೆ ಹತ್ತಿತು" ಅಂದರು. ಅವನು ಕೂತ. ಅಂದು ಕಂಬಳಿಯ ವಾಸನೆ ಅಂದ ಹೆಂಗಸೇ ಬಂದು ಅವನ ತಟ್ಟೆಗೆ ಎರಡನೆಯ ಸಲ ಸಾರು ಹಾಕಿದಳು. ಪಾಲಕರು ಮುಂದಿನ ವರ್ಷದ ಮಾತು ತೆಗೆದರು. ಅವನು ಹೌದ್ರಿ, ಹೌದ್ರಿ ಅನ್ನುತ್ತ ಎಲುಬು ಚೀಪುತ್ತ ಕೂತ. ಕಟ್ಟೆಯ ಕಡೆ ಒಮ್ಮೆ ನೋಡಿದ, ಕಟ್ಟೆಯ ಮೇಲಿನಿಂದ ತಾರವ್ವನೂ ಅವನನ್ನೇ ನೋಡುತ್ತಿದ್ದಳು. ಅವನು ಮತ್ತೆ ಆ ಕಡೆ ನೋಡಲಿಲ್ಲ. ಸಾರಿಗೆ ಉಪ್ಪು ಸ್ವಲ್ಪ ಕಡಿಮೆ ಇತ್ತು.

ಚಿಕ್ಕೋಡಿಗೆ ಬಂದು ರಾಯಬಾಗದ ಬಸ್ಸು ಹತ್ತುವ ಹೊತ್ತಿಗೆ ಬಿಸಿಲು ವಾಲಿತ್ತು. ಕಬ್ಬಿನ ಚಕ್ಕಡಿಗಳು ರಸ್ತೆಯುದ್ದಕ್ಕೂ ಸಾಲು ಹಿಡಿದಿದ್ದವು, ಬಸ್ಸು ಅವುಗಳ ಹಿಂದೆ ತೆವಳುತ್ತಿತ್ತು. ತಾರವ್ವ ಕಿಟಕಿಯ ಸರಳು ಹಿಡಿದು ಕೂತಿದ್ದಳು, ಚಕ್ಕಡಿ ಅಡ್ಡ ಬಂದಾಗಲೆಲ್ಲ ಆ ಸರಳನ್ನು ಗಟ್ಟಿಯಾಗಿ ಹಿಡಿಯುತ್ತಿದ್ದಳು. ಸಭೆಯ ಸಂತೋಷ ಕಾಡಸಿದ್ದನ ಮೈಯಿಂದ ಇಳಿಯುತ್ತ ಬಂದಿತ್ತು, ಹೊಟ್ಟೆಯಲ್ಲಿನ ಕೋಳಿ ಭಾರವಾಗಿತ್ತು. ಏನಾದರೂ ಮಾತಾಡಬೇಕೆಂದು, "ಪ್ರಸಂಗಾ ಕೇಳಿ ಅತ್ತೆಲ್ಲ ತಂಗಿ" ಅಂದ. ಅವಳು ಕಿಟಕಿಯ ಆಚೆಯ ಚಕ್ಕಡಿಗಳನ್ನೇ ನೋಡಿದಳು. ಅವನಿಗೆ ಮತ್ತೆ ಸಿಟ್ಟು ಬಂತು. "ಏನ ಮಾಡ್ಲಿ ನಾ? ಬಾ ಅಂದ ಕೂಡ್ಲೆ ಓಡಿ ಬರಬೇಕಾಗಿತ್ತನು? ಅಂವಗ ನಾ ಅದೀನೇನು? ನಾ ಸತ್ತೇನಿ ಅಂತ ತಲಿ ಬೋಳಿಸ್ಕೊಂಡು ಅಡ್ಡ್ಯಾಡಿದಾಂವ ಅಂವ. ನಾ ಕಣ್ಣಾರೆ ನೋಡೇನಿ, ರಾಯಬಾಗ ಸ್ಟ್ಯಾಂಡಿನ್ಯಾಗ."

ತಾರವ್ವ ಸರಳು ಬಿಟ್ಟು ಅವನ ಕಡೆ ತಿರುಗಿದಳು. ಏನೋ ಹುಚ್ಚು ಮಾತು ಕೇಳಿದವಳಂತೆ ಅವನ ಮುಖವನ್ನೇ ನೋಡಿದಳು.

"ಯಾರು ಹೇಳಿದ್ರ ನಿನಗ?"

"ಯಾರ ಯಾಕ ಹೇಳಬೇಕು. ಕಂಡದ್ದು."

"ಅಯ್ಯ ನನ್ನ ಶಿವನ! ಅಂವ ಯಾಕ ಬೋಳಿಸ್ಕೊಳ್ತಾನೋ ಅಣ್ಣಾ? ಬೋಳಿಸಿದ್ರು!"

ಅವಳು ಹೇಳಿದಳು. ಮುಂದಿನ ಸೀಟಿನವರು ತಿರುಗಿ ನೋಡಿದರೂ ದನಿ ಇಳಿಸಲಿಲ್ಲ. ಕಾಡಸಿದ್ದ ಜಾತಿ ಬಿಟ್ಟ ಸುದ್ದಿ ಮಾಳಕ್ಕೆ ಬಂದಾಗ ದೈವದವರು, ಅಂದರೆ ಜಾತಿಯ ಪಂಚರು, ಸಿದ್ದನ ಗುಡಿಯ ಮುಂದೆ ಕೂಡಿದರು. ಕೂಡಿದವರ ಹಿರಿಯ ಜಕ್ಕಪ್ಪ. ಅವರು ಅಪ್ಪನಿಂದ ಕೇಳಿದ್ದು ಒಂದೇ ಮಾತು. ಅಂವ ನನ್ನ ಮಗ ಅಲ್ಲ, ಅಂತ ಸಿದ್ದನ ಮುಂದೆ ಒಮ್ಮೆ ಅನ್ನು, ಮುಗೀತು, ಕಂಬಳಿ, ಬೆತ್ತ, ಹೇಳಿಕೆ ಎಲ್ಲಾ ನಿನ್ನ ಹತ್ರಾನ ಇರ್ತೈತಿ, ಅಂದರು. ಮುಂಜಾನೆಯಿಂದ ಬಿಸಿಲು ಏರುವವರೆಗೆ ಕೇಳಿದರು, ಬೈದರು, ಕಾಲೂ ಹಿಡಿದರು. ಅಪ್ಪ ಬಾಯಿ ತೆರೆಯಲಿಲ್ಲ.

"ಕೆಡವಿದ್ರು" ಅಂದಳು ತಾರವ್ವ. "ಕುರಿ ಕೆಡವಿದಂಗ ಕೆಡವಿದ್ರು. ಕ್ಷೌರದಾಂವ ಸಿದ್ದನ ಜಡಿ ಮುಟ್ಟಾಕ ಒಲ್ಲೆ ಅಂದ. ಜಕ್ಕಪ್ಪಮಾವ ಉಣ್ಣಿ ಕತ್ತರಿ ತಗೊಂಡ. ಅಪ್ಪ ಮಿಸುಕಲಿಲ್ಲ ಅಣ್ಣಾ. ತಲಿ ತುಂಬಾ ರಗತಾ ಬಂದ್ರೂ ಹಾ ಅನ್ನಲಿಲ್ಲ. ಕಣ್ಣ ತೆರಕೊಂಡ ಬಿದ್ದಿದ್ದ. ನೀ ಇವತ್ತ ಹೇಳಿದೆಲ್ಲ, ಹಂಗ. ನಿನಗ ಯಾರು ಹೇಳಿದ್ರು ಇದನ್ನ, ಎಲ್ಲಾ ಗೊತ್ತಿದ್ದೂ ಒಮ್ಮಿನೂ ಬರಲಿಲ್ಲಲ್ಲಾ ಇಂವ, ಅಂತ ನಾ ಅತ್ತೆ."

ಬಸ್ಸು ನಿಂತಿತು. ಮುಂದೆ ಒಂದು ಚಕ್ಕಡಿಯ ಗಾಲಿ ಕಳಚಿ ಕಬ್ಬು ರಸ್ತೆಯ ಮೇಲೆ ಹರಡಿತ್ತು, ಕಂಡಕ್ಟರ್ ಇಳಿದು ಬೈಯುತ್ತಿದ್ದ. ಕಾಡಸಿದ್ದನಿಗೆ ಎಲ್ಲವೂ ಕೇಳಿಸುತ್ತಿತ್ತು, ಯಾವುದೂ ಒಳಗಿಳಿಯುತ್ತಿರಲಿಲ್ಲ. ಯೆಶಾಯನ ಮಾತು ಅವನಿಗೆ ಕಣ್ಣು ಮುಚ್ಚಿದರೂ ಬಾಯಿಪಾಠ. ಎಷ್ಟು ಊರಲ್ಲಿ ಹೇಳಿದ್ದಾನೆ, ಮುಖ ಮುಚ್ಚಿಕೊಂಡ ಮಂದಿಯನ್ನು ಎಷ್ಟು ಸಲ ಬೈದಿದ್ದಾನೆ! ಪೇಪರಿನ ವಾಸನೆ ಮೂಗಿಗೆ ಬಂತು. ಆ ಮುದುಕ ಎದ್ದು ನಿಂತದ್ದು ಬಸ್ಸಿಗಾಗಿ ಅಲ್ಲ, ಈಗ ಖಾತ್ರಿಯಾಯಿತು. ತನ್ನನ್ನು ಮಗ ಅಲ್ಲ ಅನ್ನಲಾರದೆ ತಲೆಯ ತುಂಬ ಗಾಯ ಮಾಡಿಸಿಕೊಂಡು ಬಂದವನು, ಮಗನನ್ನು ಕಂಡೆ ಅಂತ ಎದ್ದು ನಿಂತಿದ್ದ. ತಾನು ಪೇಪರ್ ಅಡ್ಡ ಹಿಡಿದಿದ್ದ. ಥೂ ನನ್ನ ಬಾಯಿಗಿಷ್ಟು ಮಣ್ಣು, ಅಂದುಕೊಂಡ. ಪ್ರವಾದಿಯ ಮಾತು ಹೇಳಲಿಕ್ಕೆ ಈ ಬಾಯಿಯೇ ಸಿಕ್ಕಿತೇನು ದೇವರೇ ನಿನಗೆ!

"ಆಮ್ಯಾಲ?" ಅಂದ.

"ಆಮ್ಯಾಲ ಏನು. ಹೇಳಿಕಿ ಕಸಗೊಂಡ್ರು. ಮಂದಿ ಕುರಿ ಕಾಯ್ದು ಹೊಟ್ಟಿ ಹೊರಕೊಂಡ. ಒಂದ ಮಾತ್ರ ಬಿಡಲಿಲ್ಲ. ಸಂಜೀಕ ಕುರಿ ಹಟ್ಟಿಗೆ ಹೊಡಿಯೂ ಮುಂದ ದಾರಿ ಕಡೆ ಮಾರಿ ಮಾಡಿ ನಿಂತು ಅಂವ ಬರ್ತಾನ ಅಂತಿದ್ದ. ದಿನಾ. ಕುರಿಗಾರರೆಲ್ಲಾ ನಗತಿದ್ರು, ಮಾಯಪ್ಪನ ಹೇಳಿಕಿ ಇದೊಂದ ಉಳೀತ ನೋಡು, ಇದೂ ಖರೆ ಆಗವಲ್ದು ಅಂತ. ನಾ ಕರಕೊಂಡ ಬರ್ತೇನಿ ಅಂದ್ರ ಬ್ಯಾಡ ಅಂತಿದ್ದ. ಕರೀಬ್ಯಾಡ, ಕರದ್ರ ಅದು ಹೇಳಿಕಿ ಹ್ಯಾಂಗ ಆದೀತು? ಅಂವ ತಾನ ಬರ್ತಾನ ಅಂತಿದ್ದ. ಮುಂಜಾನೆ ನೀ ಕೇಳಿದಿ, ಅಪ್ಪ ಕರದಾನನು ಅಂತ. ನಾ ಏನ ಹೇಳ್ಲಿ?"

ಕಾಡಸಿದ್ದ ಎದ್ದು ಬಸ್ಸಿನಿಂದ ಇಳಿದು ಬಿದ್ದ ಕಬ್ಬನ್ನು ಎತ್ತಿ ಬದಿಗೆ ಎಸೆಯತೊಡಗಿದ. ಇಸ್ತ್ರಿಯ ಬಿಳಿ ಅಂಗಿಯ ಮನುಷ್ಯ ಹೀಗೆ ಹುಚ್ಚನಂತೆ ಕಬ್ಬು ಎಸೆಯುವುದನ್ನು ಚಕ್ಕಡಿಯವರು ನೋಡಿದರು. "ಅಹೋ ಸಾಹೇಬ್ರ, ಇರ್ಲಿ ಬಿಡ್ರಿ, ನಾವು ಎತ್ತತೀವಿ" ಅಂದರು. ಅವನು ಬಿಡಲಿಲ್ಲ. ಕಬ್ಬಿನ ಒಣ ಎಲೆಯ ರವದಿ ಅಂಗೈ ಕೊಯ್ದು ಉರಿಯಿತು. ಕೋಳಿ ತಿನ್ನುತ್ತ ಕೂತದ್ದು, ಎರಡನೆಯ ಸಲ ಸಾರು ಹಾಕಿಸಿಕೊಂಡದ್ದು, ಪ್ರಸಂಗವನ್ನು ಎಳೆದದ್ದು. ಕಾಯುವುದೇ ಭಕ್ತಿ ಅಂದೆನಲ್ಲ! ಪ್ರಭುವೇ, ಅಪ್ಪನ ಬಾಯಿಂದ ನನಗೆ ಮಾತು ಬೇಡ, ಕ್ಷಮೆ ಬೇಡ. ಅವನ ಕಣ್ಣಿಗೆ ನಾನೊಮ್ಮೆ ಬಿದ್ದರೆ ಸಾಕು. ಇಷ್ಟು ವರ್ಷದಲ್ಲಿ ಅವನು ಬೇಡಿದ ಪ್ರಾರ್ಥನೆಗಳಲ್ಲಿ ಪ್ರಭುವಿನ ಮುಂದೆ ತಲೆ ತಗ್ಗಿಸಿ ಬೇಡಿದ್ದು ಇದೊಂದೇ ಇರಬೇಕು.

ಸತ್ತಿಯ ದಾರಿಯಲ್ಲಿ ಬಸ್ಸು ಇಳಿದಾಗ ಸೂರ್ಯ ಕೃಷ್ಣೆಯ ಆಚೆ ಕೆಂಪಾಗಿದ್ದ. ಕಬ್ಬಿನ ಹೊಲಗಳ ನಡುವಿನ ಬದುವಿನ ಮೇಲೆ ತಾರವ್ವ ಮುಂದೆ, ಕಾಡಸಿದ್ದ ಹಿಂದೆ, ಇಬ್ಬರೂ ಓಡುತ್ತಿದ್ದರು. ಕಟಾವಾದ ಹೊಲವೊಂದರಲ್ಲಿ, ಗೊಬ್ಬರಕ್ಕೆಂದು ಕುರಿ ನಿಲ್ಲಿಸುವ ಹಟ್ಟಿ ಕಂಡಿತು. ಕುರಿಗಳು ತಿರುಗಿ ಬರುತ್ತಿದ್ದವು. ಹಾಲಿನ, ಉಣ್ಣೆಯ ಆ ವಾಸನೆ ಎಲ್ಲಿಂದಲೋ ಬಂದು ಅವನನ್ನು ಹಿಡಿದು ನಿಲ್ಲಿಸಿತು, ಅವನು ತಡವರಿಸಿ ಮತ್ತೆ ಓಡಿದ. ಹಟ್ಟಿಯ ಬದಿಯಲ್ಲಿ ಕುರಿಗಾರರು ಸುತ್ತುಗಟ್ಟಿ ನಿಂತಿದ್ದರು. ತಾರವ್ವ ಅಲ್ಲೇ ಬದುವಿನ ಮೇಲೆ ಕೂತುಬಿಟ್ಟಳು. ಅವಳಿಗೆ ದೂರದಿಂದಲೇ ಗೊತ್ತಾಗಿತ್ತು.

ಅಪ್ಪ ಕಂಬಳಿಯ ಮೇಲೆ ಮಲಗಿದ್ದ, ಮುಖ ದಾರಿಯ ಕಡೆಗೆ. ಕೂದಲು ಮತ್ತೆ ಬೆಳೆದು, ಬೆಳ್ಳಗಾಗಿ, ಭುಜದ ಮೇಲೆ ಹರಡಿತ್ತು. ಕಾಡಸಿದ್ದ ಮೊಣಕಾಲೂರಿ ಅಪ್ಪನ ಕೈ ಹಿಡಿದ. ಇನ್ನೂ ಬೆಚ್ಚಗಿತ್ತು. ಅದೊಂದನ್ನು ಅವನು ತಡೆದುಕೊಳ್ಳಲಾರದೆ ಹೋದ. ತಣ್ಣಗಾಗಿದ್ದರೆ, ಜೀವ ನಿನ್ನೆಯೇ ಹೋಗಿದ್ದರೆ, ಬೆಳಿಗ್ಗೆಯೇ ಹೋಗಿದ್ದರೆ, ಹೇಗೋ ಬದುಕಬಹುದಿತ್ತು. "ಅಪ್ಪಾ" ಅಂದ.

ತಲೆಯ ಹತ್ತಿರ ಕೂತಿದ್ದ ಮುದುಕ ತಲೆ ಎತ್ತಿದ. ಜಕ್ಕಪ್ಪ. ಹಲ್ಲೆಲ್ಲ ಬಿದ್ದು ಮುಖ ಒಳಗೆ ಹೋಗಿತ್ತು. ಕಣ್ಣು ಕಿರಿದು ಮಾಡಿ ಇವನ ಮೂಗು, ಹಣೆ, ಬಿಳಿ ಅಂಗಿ ಎಲ್ಲವನ್ನೂ ನೋಡಿದ.

"ಕಾಡ್ಯಾ?"

ಕಾಡಸಿದ್ದ ತಲೆ ಆಡಿಸಿದ.

"ಈಗ ಹ್ವಾದ. ಕುರಿ ತಿರಗೂ ಹೊತ್ತಿಗೆ. ಮುಂಜಾನೆ ನಾನ ಅಂದೆ, ಮಾಯಪ್ಪ, ಯಾರೂ ಬರಾಂಗಿಲ್ಲಪಾ, ಸುಮ್ನ ಕಣ್ಣ ಮುಚ್ಚು ಅಂತ. ಅಂವ ಬರ್ತಾನ ಅಂದ. ಅದ ಕಡೀ ಮಾತು." ಮುದುಕ ನೆಲಕ್ಕೆ ಕೈಯೂರಿ ಎದ್ದ. ಕತ್ತರಿ ಹಿಡಿದ ಕೈ ಅದೇ. ಸುತ್ತ ನಿಂತ ಕುರಿಗಾರರ ಕಡೆ ತಿರುಗಿ, ಸಿದ್ದನ ಗುಡಿಯ ಮುಂದೆ ಕೂಗುವ ದನಿಯಲ್ಲಿ ಕೂಗಿದ. "ಖರೆ ಆತ್ರೋ! ಮಾಯಪ್ಪನ ಹೇಳಿಕಿ ಖರೆ ಆತು! ಅಂವ ಬಂದಾನ!"

ಹೇಳಿಕೆ ಖರೆಯಾದರೆ ಹೇಳಿದವನ ಕಾಲಿಗೆ ಭಂಡಾರ ಹಚ್ಚಬೇಕು, ಖರೆ ಮಾಡಿದ್ದರ ಮೇಲೆಯೂ ತೂರಬೇಕು, ಮಳೆಯಾದರೆ ನೆಲದ ಮೇಲೆ, ಮರಿಯಾದರೆ ಮರಿಯ ಮೇಲೆ. ಕಾಡಸಿದ್ದ ಚಿಕ್ಕಂದಿನಲ್ಲಿ ಅದನ್ನು ಎಷ್ಟು ಸಲ ನೋಡಿರಲಿಲ್ಲ! ಕುರಿಗಾರರು ಒಬ್ಬೊಬ್ಬರಾಗಿ ಬಂದು ಸೊಂಟದ ಚೀಲ ಬಿಚ್ಚಿ, ಏಳೆಂಟು ವರ್ಷ ನಕ್ಕವರು, ಮಾಯಪ್ಪನ ಕಾಲಿಗೆ ಅರಿಷಿಣ ಹಚ್ಚಿ ಹಣೆ ಇಟ್ಟರು. ಆಮೇಲೆ ಎದ್ದು ಇವನ ಮೇಲೆ ತೂರಿದರು. ತಲೆಯ ಮೇಲೆ, ಬಿಳಿ ಅಂಗಿಯ ಮೇಲೆ, ಅಪ್ಪನ ಕೈ ಹಿಡಿದ ಕೈಯ ಮೇಲೆ. ಅವನು ಕೊಡವಿಕೊಳ್ಳಲಿಲ್ಲ. ಪಾಲಕರ ನೆನಪೂ ಆಗಲಿಲ್ಲ. ಇದು ನನಗೆ ಸಲ್ಲದ್ದು, ನಿಲ್ಲಿಸ್ರೋ, ನಾನು ಪ್ರಸಂಗ ಮಾಡಿ, ಊಟ ಮುಗಿಸಿ ಬಂದವನು, ಎಂದು ಕೂಗಬೇಕೆನಿಸಿತು, ಗಂಟಲಲ್ಲಿ ಅರಿಷಿಣದ ಪುಡಿ ತುಂಬಿ ಕೆಮ್ಮು ಬಂತು.

ಜಕ್ಕಪ್ಪ ಬದುವಿನ ಮೇಲೆ ಕೂತಿದ್ದ ತಾರವ್ವನ ಹತ್ತಿರ ಹೋಗಿ ನಿಂತ. ಅಳುತ್ತಿದ್ದ ಮುದುಕನ ಮುಖದಲ್ಲಿ ಏನೋ ಹಗುರಾಗಿತ್ತು.

"ಕಬ್ಬಿನ ಗಾಡಿ ಅಡ್ಡ ಬಂದು ತಡಾ ಆತೇನವಾ?" ಅಂದ. "ನೀ ಹೋಗಿ ಹೇಳಿದ ಕೂಡ್ಲೆ ಹೊಂಟನಲ್ಲಾ ನಿಮ್ಮಣ್ಣ?"

ಕಾಡಸಿದ್ದ ತಲೆ ಎತ್ತಿ ತಂಗಿಯನ್ನು ನೋಡಿದ. ಹೇಳು, ಅಂದುಕೊಂಡ. ಹೇಳಿಬಿಡು ತಾರವ್ವ.

ಸುಳ್ಳು ಹೇಳಲಿಕ್ಕೆ ಬಾರದ ತಾರವ್ವ ಅವನನ್ನು ಒಮ್ಮೆ ನೋಡಿದಳು. ಅಪ್ಪನ ಅರಿಷಿಣದ ಕಾಲನ್ನು ನೋಡಿದಳು. ಜಕ್ಕಪ್ಪ ಮತ್ತೊಮ್ಮೆ ಕೇಳಿದ. ಅವಳು ಬಾಯಿ ತೆರೆಯಲಿಲ್ಲ.